ಸುಣ್ಣಬಣ್ಣ ಆಮೇಲೆ

ಅಪ್ಪ ಹೋಗಿ ಆರು ವರ್ಷ, ಅಮ್ಮ ಹೋಗಿ ಒಂದು ವರ್ಷ. ಮೈಸೂರಿನ ಕುವೆಂಪುನಗರದ ಮನೆಗೆ ಬೀಗ ಬಿದ್ದಿತ್ತು. ಮಾರಿಬಿಡೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡು 2025ರ ದಸರಾ ಮುಗಿದ ಶನಿವಾರ ನಾನು ಬೆಂಗಳೂರಿನಿಂದ ಹೋದೆ. ಪೇಂಟರಿಗೂ ಅದೇ ದಿನ ಬರಲು ಹೇಳಿದ್ದೆ. ಅಕ್ಕ ನನಗಿಂತ ಮೊದಲೇ ಬಂದು ಬಾಗಿಲು ತೆಗೆದು, ಕಸ ಗುಡಿಸಿ, ಕಾಫಿಗೆ ಇಟ್ಟಿದ್ದಳು. ಉಪ ನೋಂದಣಾಧಿಕಾರಿಗಳ ಕಚೇರಿಯೊಂದರಲ್ಲಿ 32 ವರ್ಷ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳು ಅವಳು. ಊರವರೆಲ್ಲ ಮನೆ ಮಾರುವುದನ್ನು ಕಂಡಿದ್ದಳು. ಸ್ವಂತದ್ದು ಇದೇ ಮೊದಲು.

ನಾನು: ಪೇಂಟರು ಹನ್ನೊಂದಕ್ಕೆ ಬರ್ತಾನೆ. ಒಳಗೂ ಹೊರಗೂ ಎರಡು ಕೋಟು. ಒಂದೂವರೆ ಲಕ್ಷ ಆಗುತ್ತೆ ಅಂದಿದ್ದಾನೆ.

ಅಕ್ಕ: ಯಾರಿಗೋಸ್ಕರ?

ನಾನು: ನೋಡೋಕೆ ಬರೋರಿಗೆ. ಮನೆ ಲಕ್ಷಣವಾಗಿ ಕಾಣಬೇಡ್ವಾ?

ಅಕ್ಕ: ಈ ಬೀದೀಲಿ ಈಚೆಗೆ ಮಾರಾಟವಾದ ಮನೆಗಳನ್ನ ಎಣಿಸು. ಮೂಲೆ ಮನೆ, ಡಾಕ್ಟರ ಮನೆ, ಎದುರು ಸಾಲಿನ ಲೆಕ್ಚರರ ಮನೆ. ಒಂದಾದರೂ ನಿಂತಿದೆಯಾ? ಕ್ರಯ ಆದ ಮೂರು ತಿಂಗಳಿಗೆ ಜೆಸಿಬಿ ಬಂತು. ನಲವತ್ತು ವರ್ಷದ ಮನೆಗೆ ಬೆಲೆ ಇಲ್ಲ ಕಣೋ, ಬೆಲೆ ಇರೋದು ಕೆಳಗಿರೋ 40–60 ಸೈಟಿಗೆ. ಒಂದೂವರೆ ಲಕ್ಷ ಕೊಟ್ಟು ಬಣ್ಣ ಬಳಿಸಿ ಜೆಸಿಬಿಯವನಿಗೆ ಒಪ್ಪಿಸ್ತೀಯ.

ನಾನು: ಯಾರಾದರೂ ಇರೋಕೇ ತಗೊಂಡರೆ?

ಅಕ್ಕ: ತಗೊಂಡರೆ ಅವರ ಬಣ್ಣ ಅವರು ಬಳ್ಕೋತಾರೆ. ಇಷ್ಟಕ್ಕೂ ಹಳೇ ಮನೆಗೆ ಹೊಸ ಬಣ್ಣ ಕಂಡರೆ ಕೊಳ್ಳೋರು ಮೊದಲು ಮಾಡೋದೇ ಬೆರಳು ಮಡಿಚಿ ಗೋಡೆ ತಟ್ಟೋದು. ಏನೋ ಮುಚ್ಚಿಟ್ಟಿದ್ದಾರೆ ಅಂತ. ಬಚ್ಚಲ ಹಿಂದಿನ ಗೋಡೆ ಒಸರುತ್ತಲ್ಲ, ಅದನ್ನ ರಿಪೇರಿ ಮಾಡಿಸು. ಸಂಪು ತೊಳಸು. ಕರೆಂಟು, ನೀರಿನ ಬಿಲ್ಲು ಬಾಕಿ ಇದ್ದರೆ ಕಟ್ಟು. ಕಾಂಪೌಂಡಿನ ಹೊಂಗೆಗಿಡ ಕಡಿಸು, ಗೇಟು ಪೂರ್ತಿ ತೆಗೆಯೋಕಾಗಲ್ಲ. ಅಷ್ಟು ಸಾಕು.

ನಾನು: ಅಮ್ಮ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ ಕೆಂಪು ನೆಲ ಇದು. ಇದಕ್ಕೂ ಬೆಲೆ ಇಲ್ಲ ಅಂತೀಯಾ?

ಅಕ್ಕ: ನಿನಗಿದೆ, ನನಗಿದೆ. ಬರೋರು ಕೇಳೋದು ರಸ್ತೆ ಎಷ್ಟಡಿ, ಬಾಗಿಲು ಯಾವ ದಿಕ್ಕು, ಕಾವೇರಿ ನೀರು ದಿನಾ ಬರುತ್ತಾ ಅಂತ. ಅಡುಗೆಮನೆ ಆಗ್ನೇಯದಲ್ಲಿ ಇದೆಯಾ ಅಂತ ಕೇಳ್ತಾರೆ. ಹೂಂ ಅಂದರೆ ಸಮಾಧಾನ ಪಟ್ಕೊಂಡು ಆಮೇಲೆ ಅದನ್ನೂ ಕೆಡವ್ತಾರೆ.

ಪೇಂಟರಿಗೆ ಫೋನು ಮಾಡಿ ಬರಬೇಡ ಎಂದೆ. ಆ ಫೋನು ಮಾಡಿದ್ದು ಒಪ್ಪಿಯಲ್ಲ, ಸೋತು. ಅಕ್ಕ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಊಟದ ಮೇಜಿನ ಮೇಲೆ ಸುರಿದಳು. ಅಪ್ಪ ಕಂದಾಯದ ರಸೀದಿಗಳನ್ನು ತಂತಿಗೆ ಚುಚ್ಚಿ ಕೋಣೆಯ ಮೂಲೆಯಲ್ಲಿ ನೇತುಹಾಕುತ್ತಿದ್ದರು. ಆ ತಂತಿ ಸಮೇತ ಇತ್ತು.

ನಾನು: ಕಾಗದ ಎಲ್ಲ ಸರಿಯಾಗೇ ಇದೆ ಅಲ್ವಾ? ಅಪ್ಪ ಮೇಷ್ಟ್ರು, ಒಂದು ಚೀಟಿ ಬಿಸಾಡ್ತಿರಲಿಲ್ಲ.

ಅಕ್ಕ: ಇಟ್ಟಿದ್ದಾರೆ ಅನ್ನೋದು ಬೇರೆ, ಸರಿ ಇದೆ ಅನ್ನೋದು ಬೇರೆ. ನೋಡು, ಇದು 1973ರ ಹಂಚಿಕೆ ಪತ್ರ. ಆಗ ಮುಡಾ ಎಲ್ಲಿತ್ತು, ಸಿ.ಐ.ಟಿ.ಬಿ. ಇದು ಸ್ವಾಧೀನ ಪತ್ರ. ಇದು 1983ರ ಶುದ್ಧ ಕ್ರಯಪತ್ರ. ಇಲ್ಲೀವರೆಗೆ ಚಿನ್ನದ ಹಾಗಿದೆ. ಈಗ ಇದನ್ನ ಓದು.

ನಾನು: ಏನಿದು?

ಅಕ್ಕ: ಇ.ಸಿ. ಋಣಭಾರ ಪತ್ರ. ಹೋದ ತಿಂಗಳೇ ತೆಗೆಸಿಟ್ಟೆ. 2004ರ ಏಪ್ರಿಲಿನಿಂದ ಈಚೆಗಿನದು ಕಾವೇರಿ ತಂತ್ರಾಂಶದಲ್ಲಿ ಮನೇಲೇ ಕೂತು ತೆಗೀಬಹುದು. ಅದರ ಹಿಂದಿನದಕ್ಕೆ ಕಚೇರಿಗೇ ಹೋಗಿ ಅರ್ಜಿ ಕೊಟ್ಟು ಪುಸ್ತಕದಲ್ಲಿ ಹುಡುಕಿಸಬೇಕು. ತುಂಬಾ ಜನ ಈಚಿನ ಇಪ್ಪತ್ತು ವರ್ಷದ್ದು ತಗೊಂಡು ನಮೂನೆ 16 ಬಂತು, ಯಾವ ಋಣವೂ ಇಲ್ಲ ಅಂತ ಕುಣೀತಾರೆ. ನಾನು 1973ರಿಂದ ಹಾಕಿದೆ. ನಮಗೆ ಬಂದಿದ್ದು ನಮೂನೆ 15. ಎರಡನೇ ಸಾಲು ಓದು.

ನಾನು: 1984. ಅಡಮಾನ ಪತ್ರ. ಬರೆದುಕೊಟ್ಟವರು, ಅಪ್ಪ. ಬರೆಸಿಕೊಂಡವರು… ಕರ್ನಾಟಕದ ರಾಜ್ಯಪಾಲರು?

ಅಕ್ಕ: ಹೂಂ. ನಮ್ಮನೆ ರಾಜ್ಯಪಾಲರಿಗೆ ಅಡವಿದೆ.

ನಾನು: ತಮಾಷೆ ಮಾಡ್ಬೇಡ.

ಅಕ್ಕ: ಸರ್ಕಾರಿ ನೌಕರರು ಇಲಾಖೆಯಿಂದ ಮನೆ ಕಟ್ಟೋ ಮುಂಗಡ ತಗೊಂಡರೆ ಅಡಮಾನ ಬರೆಯೋದು ರಾಜ್ಯಪಾಲರ ಹೆಸರಿಗೇ. ಸಂಬಳದಲ್ಲಿ ತಿಂಗಳು ತಿಂಗಳು ಹಿಡ್ಕೊಂಡರು, ಸಾಲ ತೀರಿತು. ಅಡಮಾನ ಬಿಡುಗಡೆ ಪತ್ರ ಮಾತ್ರ ಅಪ್ಪ ಮಾಡಿಸ್ಕೊಳ್ಳಲಿಲ್ಲ. ಸಾಲ ತೀರಿದ ಮೇಲೆ ಇನ್ನೇನು ಅಂದ್ಕೊಂಡಿರಬೇಕು. ಎಲ್ಲರೂ ಹಾಗೇ ಅಂದ್ಕೋತಾರೆ. ಪುಸ್ತಕದಲ್ಲಿ ಬರೆದಿದ್ದನ್ನ ಇನ್ನೊಂದು ಪತ್ರ ನೋಂದಣಿ ಮಾಡಿಸಿಯೇ ಅಳಿಸಬೇಕು. ಇದು ಹೀಗೇ ಇದ್ದರೆ ಕೊಳ್ಳೋರ ಬ್ಯಾಂಕು ಸಾಲ ಕೊಡಲ್ಲ. ನೀನು ಗೋಡೆಗೆ ಯಾವ ಬಣ್ಣ ಹೊಡೆದಿದ್ದರೂ ಸರಿ.

ನಾನು: ತೀರಿದೆ ಅನ್ನೋಕೆ ಪುರಾವೆ?

ಅಕ್ಕ: ಇಲಾಖೆಯವರು ಒಂದು ಕಾಗದ ಕೊಟ್ಟಿರಬೇಕು. ಈ ಚೀಲದಲ್ಲಿ ಇಲ್ಲ. ಅಟ್ಟದ ಮೇಲೆ ನೋಡಬೇಕು. ಆಮೇಲೆ ಖಾತೆ. ಇನ್ನೂ ಅಪ್ಪನ ಹೆಸರಲ್ಲೇ ಇದೆ.

ನಾನು: ಕಂದಾಯ ಪ್ರತಿ ವರ್ಷ ನಾನು ಕಟ್ಟಿದೀನಲ್ಲ.

ಅಕ್ಕ: ಕಟ್ಟಿದ್ದು ನೀನು, ರಸೀದಿ ಅಪ್ಪನದು. ಖಾತೆ ಅಂದರೆ ಒಡೆತನದ ಪತ್ರ ಅಲ್ಲ, ತೆರಿಗೆ ಪುಸ್ತಕದಲ್ಲಿರೋ ಹೆಸರು ಅಷ್ಟೆ. ಆದರೂ ಅದಿಲ್ಲದೆ ಮುಂದಕ್ಕೆ ಹೋಗಲ್ಲ. 2024ರ ಕೊನೆಯಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯ. ಅಪ್ಪಂದು, ಅಮ್ಮಂದು ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಇಷ್ಟಿಟ್ಟು ಪೌತಿ ಖಾತೆ ಮಾಡಿಸಿ ಮೂವರ ಹೆಸರಿಗೆ ತರಬೇಕು. ಮೇಲೆ 1991ರಲ್ಲಿ ಎಬ್ಬಿಸಿದ ರೂಮಿಗೆ ನಕ್ಷೆ ಮಂಜೂರಾಗಿಲ್ಲ, ಅದನ್ನ ಕೊಳ್ಳೋರಿಗೆ ಮೊದಲೇ ಹೇಳಿಬಿಡು. ಕೆಡವೋರಿಗೆ ಅದು ಲೆಕ್ಕಕ್ಕಿಲ್ಲ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಬೆಲೆ ಇಳಿಸೋಕೆ ಅದೇ ನೆಪ.

ನಾನು: ಮೂವರ ಹೆಸರಿಗಾ?

ಅಕ್ಕ: ಮತ್ತೆ?

ನಾನು: ಇಲ್ಲ… ತಂಗಿ ಹಕ್ಕು ಬಿಡುಗಡೆಗೆ ಸಹಿ ಹಾಕ್ತಾಳೆ ಅಂದ್ಕೊಂಡಿದ್ದೆ.

ಅಕ್ಕ: ಕೇಳಿದೀಯಾ?

ನಾನು: ಕೇಳೋದೇನು? ಗಂಡ ಹೆಂಡತಿ ಇಬ್ಬರೂ ನ್ಯೂಜೆರ್ಸಿಯಲ್ಲಿ ದುಡೀತಾರೆ. ಅವಳಿಗೇನು ಕಡಿಮೆ?

ಅಕ್ಕ: ಕಡಿಮೆ ಇರೋರಿಗೆ ಮಾತ್ರ ಪಾಲು ಅಂತ ಯಾವ ಕಾಯ್ದೇಲಿದೆ?

ನಾನು: ಕಾಯ್ದೆ ಅಂತ ಹೊರಟರೆ, ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದೇ 2005ರಲ್ಲಿ. ಈ ಮನೆ ಅದಕ್ಕೂ ಇಪ್ಪತ್ತು ವರ್ಷ ಹಳೇದು.

ಅಕ್ಕ: ಇದೇ ಮಾತನ್ನ ಎಷ್ಟು ಜನ ಗಂಡಸರು ನನ್ನ ಮೇಜಿಗೆ ಆತ್ಕೊಂಡು ಹೇಳಿದ್ದಾರೋ. 2005ರದ್ದು ಪಿತ್ರಾರ್ಜಿತದ ಮಾತು, ಅವಿಭಕ್ತ ಕುಟುಂಬದ ಮಾತು. ಇದು ಅಪ್ಪನ ಸ್ವಯಾರ್ಜಿತ. ಸಂಬಳದಲ್ಲಿ ಕಟ್ಟಿದ ಮನೆ. ವಿಲ್ಲು ಬರೀಲಿಲ್ಲ. ಹಾಗಿದ್ದಾಗ ಹೆಂಡತಿಗೂ ಮಕ್ಕಳಿಗೂ ಸಮಪಾಲು, ಹೆಣ್ಣಾಗಲಿ ಗಂಡಾಗಲಿ. ಇದು 1956ರಿಂದಲೇ ಇದೆ, ನೀನು ಹುಟ್ಟೋಕೂ ಮುಂಚಿನಿಂದ. ಅಮ್ಮನ ಪಾಲು ಮತ್ತೆ ನಮ್ಮ ಮೂವರಿಗೇ ಬಂತು. ಮೂರರಲ್ಲಿ ಒಂದೊಂದು. ಅಂದ ಹಾಗೆ, ನನ್ನ ಸಹೀನೂ ಲೆಕ್ಕಕ್ಕೆ ಹಿಡಿದಿದ್ದೆ ಅಲ್ವಾ?

ಹಿಡಿದಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿಡಿದಿದ್ದೆ. ಅಕ್ಕನಿಗೆ ಪಿಂಚಣಿ ಬರುತ್ತದೆ, ಭಾವನವರ ಮನೆ ಇದೆ, ಮಗ ಕೆಲಸದಲ್ಲಿದ್ದಾನೆ ಎಂದೆಲ್ಲ ಬಸ್ಸಿನಲ್ಲಿ ಬರುತ್ತಾ ಲೆಕ್ಕ ಹಾಕಿಕೊಂಡಿದ್ದೆ. ಹೆಣ್ಣುಮಕ್ಕಳಿಗೆ ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಕೊಡುವ ಮೊತ್ತವನ್ನೂ ನಿಗದಿ ಮಾಡಿಕೊಂಡಿದ್ದೆ. ಆ ಅಂಕಿಯನ್ನು ಇಲ್ಲಿ ಬರೆಯಲಾರೆ.

ನಾನು: ನೀನೇ ಬೇಡ ಅಂತೀಯೇನೋ ಅಂದ್ಕೊಂಡೆ.

ಅಕ್ಕ: 32 ವರ್ಷ ನೋಡಿದೀನಿ ಕಣೋ. ಬೆಳಗ್ಗೆ ಅಣ್ಣತಮ್ಮಂದಿರು ಕಾರಲ್ಲಿ ಕರ್ಕೊಂಡು ಬರ್ತಾರೆ. ತಿಂಡಿ ಕೊಡಿಸಿರ್ತಾರೆ, ಸೀರೆ ಕೊಡಿಸಿರ್ತಾರೆ. ಅಧಿಕಾರಿಗಳು ಕೇಳ್ತಾರೆ, ಏನಮ್ಮ, ನಿಮ್ಮ ಸ್ವಂತ ಇಷ್ಟದಿಂದ ಬರೆದುಕೊಡ್ತಿದ್ದೀರಾ ಅಂತ. ಹೂಂ ಅನ್ನೋ ಹೊತ್ತಿಗೆ ಅವಳ ಕಣ್ಣು ಅಣ್ಣನ ಕಡೆ ಇರುತ್ತೆ. ಹೆಬ್ಬೆಟ್ಟಿನ ಮಸಿ ಒರೆಸ್ಕೊಳ್ಳೋಕೆ ಬಟ್ಟೆ ಕೊಡ್ತಿದ್ದವಳು ನಾನೇ. ಒಬ್ಬಳು ಮಸಿ ಸೆರಗಿಗೆ ಒರೆಸ್ಕೊಂಡು, ಇನ್ನು ಗೌರಿ ಹಬ್ಬಕ್ಕೆ ಕರೀತಾರಲ್ವಾ ಅಂತ ನನ್ನನ್ನ ಕೇಳಿದಳು. ನಾನೇನು ಹೇಳಲಿ?

ನಾನು: …

ಅಕ್ಕ: ತವರು ಇರಲಿ ಅನ್ನೋ ಆಸೆಗೆ ಪಾಲು ಬಿಡ್ತಾರೆ. ಇಲ್ಲಿ ತವರುಮನೇನೇ ಮಾರ್ತಿದೀವಿ. ಏನು ಉಳಿಸ್ಕೊಳ್ಳೋಕೆ ಬಿಡಲಿ? ನನ್ನ ಪಾಲು ನನಗೆ ಬೇಕು. ಅವಳದ್ದು ಅವಳನ್ನ ಕೇಳು. ಬೇಡ ಅಂದರೆ ಅವಳ ಬಾಯಲ್ಲೇ ಬರಲಿ.

ನಾನು: ಆಯ್ತು. ಅವಳು ಬರೋಕಾಗದಿದ್ದರೆ?

ಅಕ್ಕ: ಅಧಿಕಾರ ಪತ್ರ ಕಳಿಸಲಿ. ಅಲ್ಲಿನ ನೋಟರಿ ಮುಂದೆ ಸಹಿ ಹಾಕಿ ಅಪಾಸ್ಟಿಲ್ ಮಾಡಿಸಬಹುದು, ಇಲ್ಲಾ ನಮ್ಮ ಕಾನ್ಸುಲೇಟಲ್ಲಿ ಮಾಡಿಸಬಹುದು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮೊದಲೇ ತರಿಸಿ ಬೀರೂನಲ್ಲಿಟ್ಟು ಅವಧಿ ಮೀರಿಸ್ಕೊಂಡು ಬಂದೋರನ್ನ ನೋಡಿದೀನಿ. ಈ ಮನೆ ಮಾರಾಟಕ್ಕೆ ಮಾತ್ರ ಅಂತ ಬರೆಸಬೇಕು, ಲೋಕದ ಅಧಿಕಾರವೆಲ್ಲ ಕೊಡೋದು ಬೇಡ.

ನಾನು: ಯಾರ ಹೆಸರಿಗೆ?

ಅಕ್ಕ: ಅದನ್ನೂ ಅವಳನ್ನೇ ಕೇಳು.

ಕಾಫಿ ತಣ್ಣಗಾಗಿತ್ತು. ಅಕ್ಕ ಮತ್ತೆ ಬಿಸಿಮಾಡಿಕೊಂಡು ಬಂದಳು. ಬ್ರೋಕರ ಮಾತು ಬಂತು. ಎರಡು ಪರ್ಸೆಂಟು ಕೇಳುತ್ತಾನೆ, ಒಂದಕ್ಕೆ ಇಳಿಯುತ್ತಾನೆ, ಅದರಲ್ಲೇನೂ ಹೊಸತಿಲ್ಲ. ಹೊಸತು ಎನ್ನಿಸಿದ್ದು ಬೇರೆ.

ಅಕ್ಕ: ಮೂಲಪತ್ರ ಅವನ ಕೈಗೆ ಕೊಡಕೂಡದು. ಜೆರಾಕ್ಸ್ ಕೊಡು. ಅದಕ್ಕೂ ಅಡ್ಡಗೀಟು ಎಳೆದು, ಪರಿಶೀಲನೆಗೆ ಮಾತ್ರ ಅಂತ ಬರೆದು, ತಾರೀಖು ಹಾಕಿ ಕೊಡು. ಕೊಳ್ಳೋರ ವಕೀಲರು ಮೂಲ ನೋಡಬೇಕು ಅಂದರೆ ಇಲ್ಲಿ ಬಂದು ಈ ಮೇಜಿನ ಮೇಲೆ ನೋಡಲಿ.

ನಾನು: ಬ್ರೋಕರು ಫೋನಲ್ಲೇ ಒಂದು ಮಾತು ಹೇಳಿದ. ಅರ್ಧ ವೈಟು, ಅರ್ಧ ಬ್ಲ್ಯಾಕು ಅಂತ.

ಅಕ್ಕ: ಆಗಲ್ಲ ಅಂತ ಹೇಳು. ಮಾರ್ಗಸೂಚಿ ಬೆಲೆಗಿಂತ ತೀರಾ ಕೆಳಗೆ ತೋರಿಸಿದರೆ ತೆರಿಗೆಯವರು ಆ ಬೆಲೆಯನ್ನೇ ನಮ್ಮ ಬೆಲೆ ಅಂತ ಹಿಡೀತಾರೆ. ಮನೆ ಮಾರಾಟಕ್ಕೆ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ ತಗೊಂಡಷ್ಟೂ ದಂಡ. ಇನ್ನೂ ಒಂದಿದೆ. ಕಪ್ಪು ಹಣ ಮೂರು ಪಾಲಾಗುವಾಗ ಎಣಿಸೋರು ಯಾರು? ಸಾಕ್ಷಿ ಯಾರು? ಒಡಹುಟ್ಟಿದವರು ಮಾತು ಬಿಡೋದು ಅಲ್ಲೇ. ಕೊಳ್ಳೋರಿಗೆ ಆಸೆ ಇರುತ್ತೆ, ಯಾಕೆಂದರೆ ಅವರ ಖರ್ಚು ಜಾಸ್ತಿ ಆಗಿದೆ. ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಒಂದರಿಂದ ಎರಡು ಪರ್ಸೆಂಟಾಯ್ತು, ಮುದ್ರಾಂಕದ ಐದು, ಅದರ ಮೇಲಿನ ಸೆಸ್ಸು ಬೇರೆ.

ನಾನು: ನಮಗೆ ತೆರಿಗೆ ಎಷ್ಟು ಬೀಳಬಹುದು?

ಅಕ್ಕ: ಅದಕ್ಕೆ ಆಡಿಟರ ಹತ್ತಿರ ಹೋಗು. ನನಗೆ ಗೊತ್ತಿರೋದು ಇಷ್ಟು. ಹಳೇ ಆಸ್ತಿಗೆ 2001ರ ಏಪ್ರಿಲ್ 1ರ ಬೆಲೆಯನ್ನ ನಮ್ಮ ಅಸಲು ಅಂತ ಹಿಡಿಯೋಕೆ ಅವಕಾಶ ಇದೆ. ಅದಕ್ಕೆ ಮೌಲ್ಯಮಾಪಕರಿಂದ ವರದಿ ಬೇಕು. ಮನೆ ನಿಂತಿರುವಾಗಲೇ ಬಂದು ಅಳತೆ ತಗೊಂಡರೆ ಒಳ್ಳೇದು, ಜೆಸಿಬಿ ಬಂದ ಮೇಲೆ ಏನು ಅಳೀತಾರೆ? ನೀನು ಪೇಂಟರಿಗೆ ಕೊಡಬೇಕು ಅಂತಿದ್ದ ದುಡ್ಡಲ್ಲಿ ಒಂದು ಚೂರು ಅವರಿಗೆ ಕೊಡು. ತೆರಿಗೆ ಎರಡು ಲೆಕ್ಕದಲ್ಲಿ ಹಾಕಿ ನೋಡಬಹುದು. ಹಣದುಬ್ಬರ ಕಳೆಯದೆ ಹನ್ನೆರಡೂವರೆ ಪರ್ಸೆಂಟು, ಕಳೆದು ಇಪ್ಪತ್ತು. ಯಾವುದು ಕಡಿಮೆಯೋ ಅದು. ಈ ಆಯ್ಕೆ ಇಲ್ಲೇ ಇರೋರಿಗೆ, ಅವಳಿಗಿಲ್ಲ.

ನಾನು: ಅವಳಿಗೆ ಯಾಕಿಲ್ಲ?

ಅಕ್ಕ: ಅನಿವಾಸಿ. ಅಷ್ಟೇ ಅಲ್ಲ, ನಮ್ಮ ಪಾಲಿನ ಹಣದಲ್ಲಿ ಕೊಳ್ಳೋರು ಮುರ್ಕೊಂಡು ಸರ್ಕಾರಕ್ಕೆ ಕಟ್ಟೋದು ಒಂದೇ ಪರ್ಸೆಂಟು, ಅವಳ ಪಾಲಿನಲ್ಲಿ ಹತ್ತಿಪ್ಪತ್ತು ಪಟ್ಟು ಮುರ್ಕೋತಾರೆ. ಕಡಿಮೆ ಮುರ್ಕೊಳ್ಳಿ ಅನ್ನೋ ಪ್ರಮಾಣಪತ್ರಕ್ಕೆ ಅವಳು ಮೊದಲೇ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಬೇಕು. ಅದಕ್ಕೇ ಹೇಳಿದ್ದು ಈಗಲೇ ಫೋನು ಮಾಡು ಅಂತ. ಅಡ್ವಾನ್ಸ್ ಇಸ್ಕೊಂಡ ಮೇಲೆ ಇದೆಲ್ಲ ನೆನಪಾದರೆ ಕೊಳ್ಳೋರು ನಮ್ಮ ಕುತ್ತಿಗೆ ಮೇಲೆ ಕೂತಿರ್ತಾರೆ.

ನಾನು: ಇಲ್ಲಿ ಈಗ ಹನ್ನೆರಡೂವರೆ. ಅಲ್ಲಿ ರಾತ್ರಿ ಮೂರು ಗಂಟೆ.

ಅಕ್ಕ: ಸಾಯಂಕಾಲ ಮಾಡು. ಈಗ ಅಟ್ಟ ಹತ್ತು.

ಹಳೆ ಮನೆ ಮಾರುವವರಿಗೆ ಒಂದು ಮಾತು: ಅಟ್ಟಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ನಾವು ಅರ್ಧ ದಿನ ಸಾಕೆಂದು ಹತ್ತಿದೆವು. ಕೈಹಿಡಿ ಮುರಿದ ಹಂಡೆ, ಶ್ಯಾವಿಗೆ ಒತ್ತುವ ಮರದ ಒರಳು, ನನ್ನ ಹೈಸ್ಕೂಲಿನ ಜಾಮಿಟ್ರಿ ಪೆಟ್ಟಿಗೆ, ಬೆಳಕು ಕಾಣದ ಎರಡು ಹಾಸಿಗೆ, ಯಾವ ಬೀಗಕ್ಕೂ ಸೇರದ ಒಂದು ಗೊಂಚಲು ಕೀಲಿ. ತಾಮ್ರದ ಹಂಡೆಯನ್ನು ಕೊಳ್ಳುವವರು ಓಡಿಬರುತ್ತಾರೆ. ಹಿತ್ತಲಿನ ರುಬ್ಬುಗಲ್ಲನ್ನು ಬಿಟ್ಟಿ ಕೊಟ್ಟರೂ ಯಾರೂ ಒಯ್ಯುವುದಿಲ್ಲ, ಅಕ್ಕನೇ ನಾಲ್ಕು ಜನರನ್ನು ಕೇಳಿ ನೋಡಿದ್ದಳು. ಬಾಗಿಲು ಕಿಟಕಿ ಎಲ್ಲ ತೇಗ. ಅವು ನಮಗೆ ಬೇಕಿದ್ದರೆ ಕ್ರಯದ ಕರಾರಿನಲ್ಲೇ ಬರೆಸಬೇಕು, ಇಲ್ಲದಿದ್ದರೆ ಹಳೇ ಮರದ ಅಂಗಡಿಯವನು ಕೊಳ್ಳುವವರ ಜೊತೆಯೇ ಬಂದು ಬೆಲೆ ಕಟ್ಟಿಕೊಂಡು ಹೋಗಿರುತ್ತಾನೆ ಎಂದಳು.

ಕಡೆಯಲ್ಲಿ ಗೊಂಬೆ ಟ್ರಂಕು. ಅಮ್ಮ ಇದ್ದಾಗ ನವರಾತ್ರಿಗೆ ಹಾಲಿನಲ್ಲಿ ಏಳು ಮೆಟ್ಟಿಲು ಕೂರಿಸುತ್ತಿದ್ದಳು. ಎರಡು ವರ್ಷದಿಂದ ಅದರ ಮುಚ್ಚಳ ತೆಗೆದಿರಲಿಲ್ಲ.

ನಾನು: ಪಟ್ಟದ ಗೊಂಬೆ ಯಾರಿಗೆ?

ಅಕ್ಕ: ಇದಕ್ಕೆ ಕಾಯ್ದೆ ಇಲ್ಲ. ನನ್ನ ಮದುವೇಲಿ ನನಗೊಂದು ಜೊತೆ ಕೊಟ್ಟಿದ್ದಾರೆ, ಅವಳಿಗೂ ಕೊಟ್ಟಿದ್ದಾರೆ. ಇದು ಅಮ್ಮನಿಗೆ ಅವರಮ್ಮ ಕೊಟ್ಟಿದ್ದು. ನಿನ್ನ ಮಗಳು ಕೂರಿಸ್ತಾಳೆ ಅಂದರೆ ತಗೊಂಡು ಹೋಗು. ತಡಿ, ಆ ಶೆಟ್ಟಿ ಗೊಂಬೆಗೆ ಸುತ್ತಿರೋ ಕಾಗದ ಹರೀಬೇಡ. ಇಲ್ಲಿ ಕೊಡು.

ನಾನು: ಹಳೇ ಪೇಪರು ಅಲ್ವಾ?

ಅಕ್ಕ: ಟೈಪ್ ಮಾಡಿದೆ ನೋಡು. ಕನ್ನಡಕ ಕೊಡು.

ಅಮ್ಮ ಗೊಂಬೆ ಸುತ್ತಲು ಸಿಕ್ಕಿದ ಕಾಗದವನ್ನೆಲ್ಲ ಬಳಸುತ್ತಿದ್ದಳು. ಶೆಟ್ಟಿಯ ಹೊಟ್ಟೆಗೆ ಸುತ್ತಿದ್ದು ಅಪ್ಪನ ಇಲಾಖೆಯ 1999ರ ಪತ್ರ. ಮೇಲಿನ ಮೂಲೆ ಗೆದ್ದಲು ತಿಂದಿತ್ತು. ಸಹಿ ಇತ್ತು, ಮೊಹರು ಅರ್ಧ ಇತ್ತು. ಗೃಹ ನಿರ್ಮಾಣ ಮುಂಗಡದ ಅಸಲು ಮತ್ತು ಬಡ್ಡಿ ಪೂರ್ತಿ ವಸೂಲಾಗಿದೆ ಎಂಬ ಸಾಲು ಓದಲು ಬರುತ್ತಿತ್ತು, ಕಡತದ ಸಂಖ್ಯೆಯೂ ಬರುತ್ತಿತ್ತು.

ನಾನು: ಇದು ಸಾಕಾ?

ಅಕ್ಕ: ಇದೊಂದೇ ಸಾಲದು. ಹೊಸದಾಗಿ ಬೇಬಾಕಿ ಪತ್ರ ಕೇಳಬೇಕು. ಆದರೆ ಸಂಖ್ಯೆ ಸಿಕ್ತಲ್ಲ, ಕಡತ ಇಲ್ಲ ಅಂತ ಹೇಳೋಕಾಗಲ್ಲ. ಹೇಳ್ತಾರೆ. ಆದರೂ ಕಷ್ಟಪಟ್ಟು ಹೇಳ್ತಾರೆ.

ಸಂಜೆ ಐದೂವರೆಗೆ ಫೋನು ಮಾಡಿದೆ. ಅಲ್ಲಿ ಬೆಳಗ್ಗೆ ಎಂಟು. ಅಕ್ಕ ಸ್ಪೀಕರಿಗೆ ಹಾಕು ಎಂದಳು. ಮಾರುವ ವಿಷಯ ಶುರುಮಾಡಿ, ನಿನ್ನ ಪಾಲಿನ ವಿಚಾರ ಎಂದು ನಾನು ತಡವರಿಸುತ್ತಿದ್ದ ಹಾಗೇ ತಂಗಿ ನಡುವೆ ಬಾಯಿಹಾಕಿ, ಅಧಿಕಾರ ಪತ್ರಕ್ಕೆ ಅಪಾಸ್ಟಿಲ್ ಸಾಕಾ, ಕಾನ್ಸುಲೇಟಿಗೇ ಹೋಗಬೇಕಾ, ಅಕ್ಕನ ಹೆಸರಿಗೇ ಬರೆಸ್ತೀನಿ, ಕರಡು ಕಳಿಸೋಕೆ ಹೇಳು ಎಂದಳು. ಹಕ್ಕು ಬಿಡುಗಡೆಯ ಮಾತನ್ನು ನಾನು ಎತ್ತಲಿಲ್ಲ. ಅಕ್ಕನೂ ಎತ್ತಲಿಲ್ಲ. ಆಮೇಲೆ ತಂಗಿ ಶೆಟ್ಟಿ ಗೊಂಬೆಯ ಪಕ್ಕದ ಶೆಟ್ಟಿತಿಗೆ ಮೂಗು ಮುರಿದಿತ್ತಲ್ಲ, ಹಾಗೇ ಇದೆಯಾ ಎಂದು ಕೇಳಿದಳು. ಹಾಗೇ ಇತ್ತು.

ನಾನು: ಇನ್ನೇನು ಬಾಕಿ?

ಅಕ್ಕ: ಎಲ್ಲ ಬಾಕಿ. ಬೋರ್ಡು ಹಾಕೋಕೆ ಇನ್ನೂ ನಾಲ್ಕು ತಿಂಗಳು ಅಂತಿಟ್ಕೋ. ಮಂಗಳವಾರ ವಾಲ್ಮೀಕಿ ಜಯಂತಿ, ಕಚೇರಿ ರಜ. ಸೋಮವಾರ ಇದ್ದು ಹೋಗು.

ಸೋಮವಾರ ಹತ್ತೂವರೆಗೆ ನಾವಿಬ್ಬರೂ, ಅರ್ಧ ಮೊಹರಿನ ಆ ಕಾಗದ ಹಿಡಿದುಕೊಂಡು, ರಾಜ್ಯಪಾಲರಿಂದ ಮನೆ ಬಿಡಿಸಿಕೊಳ್ಳಲು ಅಪ್ಪನ ಇಲಾಖೆಯ ಕಚೇರಿಗೆ ಹೋದೆವು. ಗುಮಾಸ್ತರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಗುರುವಾರ ಬನ್ನಿ ಎಂದರು.